ಹಿಂದಕ್ಕೆ ತಿರುಗಿದ ಪೆಡಲ್

“ಇದ್ರಲ್ಲಿರೋ ಗೇರೆಲ್ಲ ಕಿತ್ತಾಕ್ಬೇಕು. ಫ್ರೀವೀಲೂ ಬೇಡ. ನನ್ನ ಕಾಲು ನಿಂತ್ರೆ ಚಕ್ರಾನೂ ನಿಲ್ಬೇಕು.”

ಚಕ್ರಕ್ಕೆ ಕಡ್ಡಿ ಬಿಗಿಯುತ್ತಿದ್ದವಳು ತಲೆ ಎತ್ತಿದಳು.

ಅಂಗಡಿಯ ಬಾಗಿಲಲ್ಲಿ ಒಬ್ಬ ನಿಂತಿದ್ದ. ಕೊರಳಲ್ಲಿ ಅಳತೆಯ ಟೇಪು, ಕಾಲರಿನಲ್ಲಿ ಸಾಲಾಗಿ ಚುಚ್ಚಿಕೊಂಡ ಗುಂಡುಸೂಜಿಗಳು. ಕೈಯಲ್ಲಿ ಹಳೆಯ ರೇಸ್ ಸೈಕಲ್, ಬಾಗಿದ ಹ್ಯಾಂಡಲಿನದು. ಯಾರದೋ ಕೋಟು ಹೊಲಿದುಕೊಟ್ಟದ್ದಕ್ಕೆ ಬದಲಾಗಿ ಸಿಕ್ಕಿದ್ದಂತೆ. ಬಣ್ಣ ಹೋಗಿದ್ದರೂ ಗೇರುಗಳು ಇನ್ನೂ ಗಟ್ಟಿಮುಟ್ಟಾಗಿದ್ದವು. ಅಂಥದ್ದನ್ನು ಕಿತ್ತು ಹಾಕು ಅನ್ನುತ್ತಾನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಅದೂ ಎಂಥ ಜಾಗದಲ್ಲಿ ನಿಂತು ಹೇಳುವುದು! ಅಂಗಡಿ ಇರುವುದೇ ಇಳಿಜಾರಿನ ನೆತ್ತಿಯಲ್ಲಿ. ಹೊಸಿಲು ದಾಟಿದರೆ ರಸ್ತೆ ನೆಟ್ಟಗೆ ಕೆಳಗಿಳಿದು ನಾಲ್ಕು ದಾರಿ ಕೂಡುವಲ್ಲಿಗೆ ಹೋಗುತ್ತದೆ. ಎಲ್ಲರೂ ತುಳಿಯುವುದು ಬಿಟ್ಟು ಹಾಯಾಗಿ ಜಾರಿಕೊಂಡು ಇಳಿಯುವ ರಸ್ತೆಯಲ್ಲಿ ಈ ಮಹಾಶಯನಿಗೆ ಮಾತ್ರ ಜಾರುವುದು ಬೇಡವಂತೆ.

ಅಷ್ಟು ಅವಸರ ಏನು, ಕಾಲು ಮುರಿದುಕೊಳ್ಳಲು ಬೇರೆ ದಾರಿ ಇಲ್ಲವೇ ಎಂದು ಅವಳು ಕೇಳಿಯೇಬಿಟ್ಟಳು.

ಅವನು ನಕ್ಕ. “ನಾನು ಟೈಲರ್. ಕಾಲಲ್ಲಿ ತುಳಿಯೋ ಮಿಷನ್ ನಂದು. ಕಾಲು ಓಡಿದ್ರೆ ಸೂಜಿ ಓಡತ್ತೆ, ಕಾಲು ತಡೆದ್ರೆ ಸೂಜಿ ತಡೆಯತ್ತೆ. ಮಧ್ಯದಲ್ಲಿ ಬೇರೆ ಯಾರ ಕಾರುಬಾರೂ ಇಲ್ಲ. ಸೈಕಲ್ಲೂ ಹಂಗೇ ಇರ್ಲಿ ಅಂತ.”

ಅವಳಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಿದ್ದಾಗ ಅವಳಿಗೆ ಸಿಟ್ಟು ಬರುತ್ತದೆ. ಬರೀ ಸಿಟ್ಟೇ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಬಿಡಿ.

ಅಂಗಡಿ ಅವಳ ಭಾವನದು. ಅಕ್ಕನ ಮದುವೆಯಾದ ಮೇಲೆ ಅವರ ಮನೆಯಲ್ಲೇ ಬೆಳೆದವಳು ಅವಳು. ಕೆಲಸ ಕಲಿಸಿದ್ದು ಭಾವ. ಕಡ್ಡಿಯ ಹಾಗೆ ಸಣಕಲಾಗಿದ್ದಾಳೆ, ಕಡ್ಡಿ ಬಿಗಿಯುವುದರಲ್ಲಿ ಅವಳ ಸಮ ಇಲ್ಲ ಎಂದು ‘ಕಡ್ಡಿ’ ಎಂಬ ಹೆಸರಿಟ್ಟದ್ದೂ ಅವನೇ. ಭಾವನಿಗೆ ಅಂಗಡಿಯ ಹೆಸರೆಂದರೆ ಜೀವ. ತಾನು ಬಿಗಿದ ನಟ್ಟು ಸಡಿಲವಾಯಿತು ಎಂದು ಯಾರಾದರೂ ಹೇಳಿದರೆ ಅವನಿಗೆ ಅನ್ನ ಇಳಿಯುವುದಿಲ್ಲ.

ಭಾವ ಸೈಕಲ್ಲನ್ನು ತಲೆಕೆಳಗು ಮಾಡಿ ನೋಡಿದ. ಹಿಂದಿನ ಚಕ್ರ ಕೂರುವ ಸೀಳು ಉದ್ದಕ್ಕಿತ್ತು. ಚಕ್ರವನ್ನು ಹಿಂದಕ್ಕೆ ಎಳೆದು ಚೈನ್ ಬಿಗಿ ಮಾಡಬಹುದು, ಆಗುವ ಕೆಲಸವೇ ಅಂದ. ಕೆಲಸ ಕಡ್ಡಿಯ ಪಾಲಿಗೆ ಬಂತು.

ಗೇರು ಬಿಚ್ಚಿದಳು. ಅದರ ತಂತಿಗಳನ್ನು ಎಳೆದು ಹಾಕಿದಳು. ಹಿಂದಿನ ಚಕ್ರದ ನಡುವೆ ಹೊಸ ಹಬ್ ಕೂರಿಸಿ ಹೊಸದಾಗಿ ಕಡ್ಡಿ ಕಟ್ಟಿದಳು. ಆ ಹಬ್‌ಗೆ ಎರಡೂ ಬದಿಯಲ್ಲಿ ಹಲ್ಲಿನ ಚಕ್ರ ಕೂರುತ್ತದೆ. ಒಂದು ಬದಿಯಲ್ಲಿ ಫಿಕ್ಸೆಡ್, ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ವೇಗ ತಗ್ಗಿಸಲು ಪೆಡಲ್ಲನ್ನು ಕಾಲಿನಿಂದಲೇ ಹಿಂದಕ್ಕೆ ಒತ್ತಿ ತಡೆಯಬೇಕು. ಇನ್ನೊಂದು ಬದಿಯಲ್ಲಿ ಎಲ್ಲರ ಸೈಕಲ್ಲಿನಲ್ಲಿರುವ ಮಾಮೂಲಿ ಫ್ರೀವೀಲ್, ಪೆಡಲ್ ಹಿಂದಕ್ಕೆ ಒತ್ತಿದರೆ ಖಾಲಿ ತಿರುಗುತ್ತದೆ. ಚಕ್ರ ಬಿಚ್ಚಿ, ಬದಿ ತಿರುಗಿಸಿ ಹಾಕಿದರೆ ಸೈಕಲ್ಲಿನ ಸ್ವಭಾವವೇ ಬೇರೆ.

ಫ್ರೀವೀಲ್ ಬದಿ ದಂಡ ಎಂದ ಟೈಲರ್. ಇರಲಿ ಎಂದು ಅವಳು ಹಟ ಹಿಡಿದಳು. ಹಿಂದಿನ ಬ್ರೇಕ್ ತೆಗೆದಳು, ಮುಂದಿನದನ್ನು ತೆಗೆಯಲು ಅಂತೂ ಒಪ್ಪಲೇ ಇಲ್ಲ.

ಕೆಲಸ ಮುಗಿಯುವವರೆಗೆ ಅವನು ದಿನಾ ಬಂದ. ಬಂದವನು ಸುಮ್ಮನೆ ಕೂರುತ್ತಿರಲಿಲ್ಲ, ಅಂಗಿಗಳ ಗುಂಡಿ ಹೊಲಿಯುತ್ತ ಕೂರುತ್ತಿದ್ದ. ಅವಳ ಕೈಯಲ್ಲಿ ಪಾನಾ, ಅವನ ಕೈಯಲ್ಲಿ ಸೂಜಿ. ಯಾರ ಕೆಲಸ ಯಾರು ಮಾಡುತ್ತಿದ್ದೀರಪ್ಪಾ ಎಂದು ಭಾವ ರೇಗಿಸುತ್ತಿದ್ದ. ಯಾವಾಗ ‘ಮೇಡಂ’ ಹೋಗಿ ‘ಕಡ್ಡಿ’ ಬಂತು, ಯಾವಾಗ ‘ನೀವು’ ಹೋಗಿ ‘ನೀನು’ ಬಂತು, ಇಬ್ಬರಿಗೂ ತಿಳಿಯಲಿಲ್ಲ.

ಸೈಕಲ್ ಸಿದ್ಧವಾದ ಮೇಲೆ ಅಂಗಡಿಯ ಹಿಂದಿನ ಸಮತಟ್ಟು ಬಯಲಿನಲ್ಲಿ ಅವಳೇ ಕಲಿಸಿದಳು. ಸುಮ್ಮನೆ ಕಾಲು ನಿಲ್ಲಿಸಿದರೆ ಪೆಡಲ್ ಒದ್ದು ಎಬ್ಬಿಸುತ್ತದೆ ಎಂದು ಹೇಳಿಯೇ ಇದ್ದಳು. ಒಂದೆರಡು ಸಲ ಒದೆ ತಿಂದ, ಆಮೇಲೆ ಅವನ ಕಾಲಿಗೆ ಅದು ಒಲಿಯಿತು. ಅವನು ಆ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ, ಬರೀ ಕಾಲಿನಲ್ಲಿ ತಡೆಯುತ್ತ ಮೆಲ್ಲಗೆ ಇಳಿಯುವುದನ್ನು ನೋಡಲು ಅವಳು ಮಾಡುವ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಬಂದು, ಹೊರಗೆ ಗಾಳಿ ಚೆನ್ನಾಗಿದೆ ಎಂದು ಭಾವನಿಗೆ ಸುಳ್ಳು ಹೇಳುತ್ತಿದ್ದಳು.

ಒಂದು ದಿನ ಅವನ ಪ್ಯಾಂಟಿನ ಅಂಚು ಚೈನಿಗೆ ಸಿಕ್ಕಿತು.

ಮಾಮೂಲಿ ಸೈಕಲ್ಲಾದರೆ ಕಾಲು ನಿಲ್ಲಿಸಿ ಬಿಡಿಸಿಕೊಳ್ಳಬಹುದು. ಇದು ಬಿಡುತ್ತದೆಯೇ? ಕಾಲನ್ನೇ ಎಳೆದುಕೊಂಡು ಹೋಯಿತು. ಅವನು ಹೇಗೋ ಪಕ್ಕಕ್ಕೆ ಒರಗಿ ನಿಂತ. ಮೊಣಕಾಲಿನ ಕೆಳಗೆ ಸಿಪ್ಪೆ ಸುಲಿದ ಹಾಗೆ ಚರ್ಮ ಎದ್ದಿತ್ತು. ಅವಳೇ ರಕ್ತ ಒರೆಸಿ ಕಟ್ಟು ಕಟ್ಟಿದಳು.

ಕೆಲವು ದಿನ ಫ್ರೀವೀಲ್ ಬದಿ ಹಾಕಿಕೋ ಎಂದು ಬೇಡಿಕೊಂಡಳು. ಅವನು ಒಪ್ಪಲಿಲ್ಲ. ತಪ್ಪು ಪ್ಯಾಂಟಿನದು, ತಾನು ಟೈಲರ್, ಅದನ್ನು ಸರಿ ಮಾಡುವುದು ತನಗೆ ಗೊತ್ತು ಎಂದ.

“ನನ್ನ ಕಾಲಿನ ಮೇಲೆ ನಂಗೆ ನಂಬಿಕೆ ಇದೆ, ಕಡ್ಡಿ.”

“ನಂಗಿಲ್ಲ.”

ಅವನ ಮುಖ ಸಪ್ಪಗಾಯಿತು. ಚೈನ್ ಸ್ವಲ್ಪ ಸಡಿಲವಾಗಿದೆ, ಬಿಗಿ ಮಾಡಿಡು, ನಾಳೆ ಒಯ್ಯುತ್ತೇನೆ ಎಂದಷ್ಟೇ ಹೇಳಿ ಕುಂಟುತ್ತ ನಡೆದು ಹೋದ.

ಮರುದಿನ ಬೆಳಗ್ಗೆ ಅವಳು ಚೈನ್ ಬಿಗಿ ಮಾಡಲು ಚಕ್ರ ಬಿಚ್ಚಿದಳು. ಅದನ್ನು ಹಾಗೇ ಕೈಯಲ್ಲಿ ಹಿಡಿದು ಕೂತಳು. ರಾತ್ರಿಯಿಡೀ ಕಣ್ಣ ಮುಂದೆ ಅದೇ ಕಾಲು, ಅದೇ ರಕ್ತ...

‘ಸ್ವಲ್ಪ ದಿನ ಅಷ್ಟೇ. ಗಾಯ ಮಾಯೋವರೆಗೆ. ಅವನು ಬಂದ ತಕ್ಷಣ ಹೇಳ್ತೀನಿ. ಬೈದರೆ ಬೈಲಿ.’

ಬದಿ ತಿರುಗಿಸಿ ಹಾಕಿದಳು. ಅವಳು ಮಾಡಿದ್ದು ಪ್ರೀತಿಯಿಂದಲೇ, ಅದರಲ್ಲಿ ಅನುಮಾನವಿಲ್ಲ. ಪ್ರೀತಿಯಿಂದ ಮಾಡಿದ್ದೆಲ್ಲ ಸರಿ ಎಂದು ಇವಳಿಗೆ ಹೇಳಿಕೊಟ್ಟವರು ಯಾರೋ, ಕಾಣೆ!

ಅವನು ಬಂದ. ಆದರೆ ಒಬ್ಬನೇ ಬರಲಿಲ್ಲ.

ಜೊತೆಗೆ ಚೆಂದದ ಒಬ್ಬ ಹೆಂಗಸು. ಅರ್ಧ ಹೊಲಿದ ಕೋಟು ತೊಟ್ಟಿದ್ದಳು. ಅಳತೆ ನೋಡಿಸಿಕೊಳ್ಳಲು ಅವನ ಅಂಗಡಿಯಿಂದ ಜೊತೆಗೇ ಬಂದ ಗಿರಾಕಿ ಇರಬೇಕು, ಅವನು ಹೊರಗೆ ನಿಂತು ಅವಳ ತೋಳಿಗೆ ಸೂಜಿ ಚುಚ್ಚಿ ಅಳತೆ ಸರಿಪಡಿಸುತ್ತಿದ್ದ. ಏನೋ ಹೇಳಿದ, ಅವಳು ಬಿದ್ದು ಬಿದ್ದು ನಕ್ಕಳು. ಗಿರಾಕಿ ಎಂದು ಕಡ್ಡಿಗೂ ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಕಿಚ್ಚು ಬರಬಾರದೆಂದು ಎಲ್ಲಿದೆ?

‘ನಿನ್ನೆ ನನ್ನ ಹತ್ರ ಮುಖ ಊದಿಸ್ಕೊಂಡು ಹೋದವನಿಗೆ ಇವತ್ತು ಎಷ್ಟು ನಗು. ಅವನೇ ಬಂದು ಮಾತಾಡಿಸ್ಲಿ.’

ಸೈಕಲ್ ಹೊರಗೆ ತಂದುಕೊಟ್ಟದ್ದು ಭಾವ. ಟೈಲರ್ ಒಳಗೆ ಇಣುಕಿ, ಹೊರಡಲಾ ಎಂಬಂತೆ ಅವಳನ್ನು ನೋಡಿದ. ಅವಳು ಮುಖ ತಿರುಗಿಸಿ ಡಬ್ಬಿಯಲ್ಲಿ ನಟ್ಟು ಹುಡುಕಿದಳು. ಬೇಕಾದ ನಟ್ಟು ಅವಳ ಕೈಯಲ್ಲೇ ಇತ್ತು.

ಅವನು ಸೈಕಲ್ ಏರಿದ. ಹೊಸಿಲ ಮುಂದೆಯೇ ಇಳಿಜಾರು. ಮುನಿಸಿನಲ್ಲಿ ಅವತ್ತು ತಡೆಯದೆ ತುಳಿಯುತ್ತಲೇ ಇಳಿದ. ಹೊಸ ಫ್ರೀವೀಲ್ ತುಂಬ ಗ್ರೀಸ್, ಅವನನ್ನು ಎಚ್ಚರಿಸಲು ಅದರ ಟಿಕ್ ಟಿಕ್ ಸದ್ದೂ ಇರಲಿಲ್ಲ.

“ಟೈಲರ್... ತಡಿ!”

ಅವಳು ಬಾಗಿಲಿಗೆ ಬರುವಷ್ಟರಲ್ಲಿ ಅವನು ಅರ್ಧ ಇಳಿದಾಗಿತ್ತು. ಕೆಳಗೆ ಅಡ್ಡರಸ್ತೆಯಿಂದ ಒಂದು ಗಾಡಿ ಬಂತು. ದಿನದ ಅಭ್ಯಾಸದಂತೆ ಅವನು ಪೆಡಲ್ಲನ್ನು ಹಿಂದಕ್ಕೆ ಒತ್ತಿದ. ಒತ್ತಿದ ಕಾಲು ಖಾಲಿ ಗಾಳಿಯಲ್ಲಿ ಗಿರ್ರನೆ ಹಿಂದಕ್ಕೆ ಸುತ್ತಿತು. ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಪೂರ್ತಿ ಹಿಸುಕಿದ. ಸೈಕಲ್ ಅಲ್ಲೇ ನಿಂತಿತು, ಅವನು ನಿಲ್ಲಲಿಲ್ಲ.

ಭಾವ ಓಡಿದ. ಜನ ಸೇರಿದರು. ಅವನನ್ನು ಆಸ್ಪತ್ರೆಗೆ ಒಯ್ದರು. ಯಾರೋ ಪುಣ್ಯಾತ್ಮರು ಸೈಕಲ್ಲನ್ನು ತಳ್ಳಿಕೊಂಡು ಬಂದು ಅಂಗಡಿಗೆ ಒರಗಿಸಿ ಹೋದರು. ಅಂಗಡಿಯಲ್ಲಿ ಅವಳೊಬ್ಬಳೇ.

ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲವೇನೋ. ಪಾನಾ ತೆಗೆದುಕೊಂಡಳು, ಚಕ್ರ ಬಿಚ್ಚಿದಳು, ಫಿಕ್ಸೆಡ್ ಬದಿಗೆ ತಿರುಗಿಸಿದಳು, ಚೈನ್ ಏರಿಸಿ ನಟ್ಟು ಬಿಗಿದಳು. ಮುಗಿದ ಮೇಲೆ ತಾನು ಏನು ಮಾಡಿದೆನೆಂದು ತಿಳಿದು ಅಲ್ಲೇ ನೆಲದ ಮೇಲೆ ಕುಸಿದಳು.

ಅವನ ಎಡಗೈ ಮೂಳೆ ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ಭಾವ ಬಂದು ಹೇಳಿದಾಗ ಅವಳು ಅತ್ತುಬಿಟ್ಟಳು. ಆದರೆ ಭಾವನ ಮುಖ ಇನ್ನೂ ಬಿಗಿದಿತ್ತು. ಪೆಡಲ್ ಹಿಂದಕ್ಕೆ ತಿರುಗಿಬಿಟ್ಟಿತು, ಹಿಡಿತವೇ ಇರಲಿಲ್ಲ ಎಂದು ಟೈಲರ್ ಹೇಳುತ್ತಿದ್ದಾನಂತೆ.

ಭಾವ ಸೈಕಲ್ಲನ್ನು ಎತ್ತಿ ನಿಲ್ಲಿಸಿ ಪರೀಕ್ಷಿಸಿದ. ಪೆಡಲ್ ಹಿಂದಕ್ಕೆ ಒತ್ತಿದರೆ ಚಕ್ರವೂ ಹಿಂದಕ್ಕೆ ತಿರುಗಿತು. ಎಲ್ಲ ಗಟ್ಟಿ. ಮರುದಿನ ಟೈಲರ್‌ನ ತಾಯಿ ಉರಿಯುತ್ತ ಬಂದಾಗ ಅವಳ ಎದುರಿಗೇ ತೋರಿಸಿದ. ನೋಡಿ ಅಮ್ಮ, ಹಿಡಿತ ತಪ್ಪುವುದು ಸಾಧ್ಯವೇ ಇಲ್ಲ ಎಂದ. ಕಡ್ಡಿ ಹಿಂದೆ ನಿಂತು ಕೇಳುತ್ತಿದ್ದಳು. ಬಾಯಿ ತೆರೆಯಲಿಲ್ಲ.

ಜಗಳಕ್ಕೆ ಬಂದ ತಾಯಿ ಜಗಳವಾಡಲಿಲ್ಲ. ಮುಖ ಬಿಳಚಿಕೊಂಡಿತು.

“ಹಾಗಾದ್ರೆ ಅವನಿಗೆ ಕಣ್ಣು ಕತ್ತಲೆ ಬಂದಿರ್ಬೇಕು. ಅವರಪ್ಪನೂ ಹೀಗೇ ನಿಂತಲ್ಲೇ ಬಿದ್ರು. ಮತ್ತೆ ಏಳ್ಲಿಲ್ಲ.”

ಮಾಡಿದ ತಪ್ಪು ಎಲ್ಲಿಗೆ ಹೋಗಿ ಮುಟ್ಟಿತೆಂದು ಕಡ್ಡಿಗೆ ಆಗ ಅರ್ಥವಾಯಿತು.

ಡಾಕ್ಟರೂ ಅದನ್ನೇ ಅನುಮಾನಿಸಿದರು. ಆಗಲು ಸಾಧ್ಯವೇ ಇಲ್ಲದ್ದು ಆಯಿತು ಎನ್ನುತ್ತಿದ್ದಾನೆ, ಅಂದರೆ ಆ ಕ್ಷಣ ಅವನಿಗೆ ಎಚ್ಚರವಿರಲಿಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ ನಡೆಯಿತು. ಯಾವುದರಲ್ಲೂ ಏನೂ ಕಾಣಲಿಲ್ಲ. ಕಾಣದಿದ್ದರೂ ಹುಷಾರಾಗಿರಿ, ಒಬ್ಬನೇ ಓಡಾಡುವುದು ಬೇಡ, ಕತ್ತರಿ, ಇಸ್ತ್ರಿಪೆಟ್ಟಿಗೆ, ಮಿಷನ್ ಸದ್ಯಕ್ಕೆ ಬೇಡವೇ ಬೇಡ ಎಂದರು. ತಾಯಿ ಮಗನನ್ನು ಸ್ನಾನದ ಕೋಣೆಯ ಬಾಗಿಲು ಹಾಕಲೂ ಬಿಡಲಿಲ್ಲ.

ಹೇಳಬೇಕೆಂದು ಅವಳು ದಿನಾ ಎದ್ದಳು. ಹೇಳಿದರೆ ಭಾವನ ಅಂಗಡಿಯ ಹೆಸರು ಮಣ್ಣುಪಾಲು. ಹೇಳಿದರೆ ಅವನು ತನ್ನ ಮುಖವನ್ನೂ ನೋಡುವುದಿಲ್ಲ. ಇವತ್ತಲ್ಲ ನಾಳೆ, ನಾಳೆಯಲ್ಲ ನಾಡಿದ್ದು...

ಅಷ್ಟರಲ್ಲಿ ಒಂದು ಬೆಳಗ್ಗೆ, ತಾಯಿಯ ಕಣ್ಣು ತಪ್ಪಿಸಿ, ಅವನೇ ಬಂದ.

ಎಡಗೈ ಕೊರಳಿಗೆ ಜೋತುಬಿದ್ದಿತ್ತು. ಕೊರಳಲ್ಲಿ ಟೇಪಿರಲಿಲ್ಲ, ಕಾಲರಿನಲ್ಲಿ ಒಂದು ಸೂಜಿಯೂ ಇರಲಿಲ್ಲ. ಅವನು ಭಾವನನ್ನು ದಾಟಿ ನೇರವಾಗಿ ಅವಳ ಬಳಿ ಬಂದು ನಿಂತ.

“ಎಲ್ರೂ ಏನೇನೋ ಹೇಳ್ತಾರೆ. ಆ ಚಕ್ರ ಕಟ್ಟಿದ್ದು ನೀನು. ನೀನು ಹೇಳಿದ್ರೆ ನಂಬ್ತೀನಿ. ಫಿಕ್ಸೆಡ್ಡಲ್ಲಿ ಪೆಡಲ್ ಹಂಗೆ ಖಾಲಿ ತಿರುಗೋಕೆ ಸಾಧ್ಯಾನಾ?”

ಭಾವ ನೋಡುತ್ತಿದ್ದ.

“ಇಲ್ಲ...” ಎಂದಳು.

ಅಕ್ಷರಶಃ ಅದು ನಿಜ. ಇಷ್ಟು ನೀಚ ನಿಜವನ್ನು ಅವಳು ಹಿಂದೆಂದೂ ಆಡಿರಲಿಲ್ಲ.

ಅವನು ತಲೆ ಆಡಿಸಿದ. ಸಿಟ್ಟಿಲ್ಲ, ಏನೂ ಇಲ್ಲ. “ಹಾಗಾದ್ರೆ ನಂಗೇ ಏನೋ ಆಗಿದೆ” ಎಂದ. ಹೊರಡುವಾಗ ಹೊಸಿಲ ಬಳಿ ನಿಂತು, ಕೆಳಗೆ ನೋಡಿ, ಅಳೆದು ಅಳೆದು ಒಂದು ಹೆಜ್ಜೆ ಇಟ್ಟ. ಆ ಇಳಿಜಾರನ್ನು ಬರೀ ಕಾಲಿನಲ್ಲಿ ತಡೆದವನು ಈಗ ಹೊಸಿಲು ದಾಟಲು ಹೆದರುತ್ತಿದ್ದ.

ಅವನು ಮರೆಯಾದ ಮೇಲೆ ಭಾವ ನಿಟ್ಟುಸಿರು ಬಿಟ್ಟು, ಪಾಪ, ಇವತ್ತು ಮಧ್ಯಾಹ್ನ ಹೊಲಿಗೆ ಮಿಷನ್ ಮಾರುತ್ತಾರಂತೆ, ತಾಯಿ ಗಿರಾಕಿ ಹುಡುಕಿದ್ದಾರೆ ಎಂದ.

ಅಷ್ಟೇ ಸಾಕಾಯಿತು. ಕಟ್ಟೆ ಒಡೆಯಿತು.

“ಭಾವ, ಬದಿ ತಿರುಗಿಸಿದ್ದು ನಾನು” ಎಂದು ಶುರು ಮಾಡಿದವಳು ಕೊನೆಯವರೆಗೂ ಹೇಳಿದಳು. ಭಾವ ಕೈ ಒರೆಸುತ್ತಿದ್ದ ಬಟ್ಟೆಯನ್ನು ಮೂಲೆಗೆ ಎಸೆದ. ಅವನೆದುರು ಅವಳು ಇಷ್ಟು ಸಣ್ಣವಳಾಗಿ ಯಾವತ್ತೂ ನಿಂತಿರಲಿಲ್ಲ.

“ಇಲ್ಲಿ ಹೇಳಿ ಏನುಪಯೋಗ? ಸೈಕಲ್ ತಗೊಂಡು ಹೋಗು. ಪಾನಾನೂ ತಗೊಂಡು ಹೋಗು” ಎಂದ ಕೊನೆಗೆ.

ಟೈಲರ್‌ನ ಅಂಗಡಿಯಲ್ಲಿ ಇಬ್ಬರು ಆಗಲೇ ಮಿಷನ್ನಿಗೆ ಹಗ್ಗ ಸುತ್ತುತ್ತಿದ್ದರು. ಗೋಡೆಯುದ್ದಕ್ಕೂ ಅರ್ಧ ಹೊಲಿದ ಬಟ್ಟೆಗಳು ತೂಗುತ್ತಿದ್ದವು. ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಬಿಟ್ಟ ಬಟ್ಟೆ ಹಾಗೇ ಹಾಸಿತ್ತು. ತಾಯಿ ಬಾಗಿಲ ಬಳಿ ನಿಂತಿದ್ದಳು. ಅವನು ಮೂಲೆಯ ಸ್ಟೂಲಿನಲ್ಲಿ ಗೋಡೆ ನೋಡುತ್ತ ಕೂತಿದ್ದ.

ಕಡ್ಡಿ ಸೈಕಲ್ಲನ್ನು ಒಳಗೇ ತಳ್ಳಿಕೊಂಡು ಬಂದು ತಲೆಕೆಳಗು ನಿಲ್ಲಿಸಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನಟ್ಟು ಸಡಿಲಿಸಿದಳು, ಚಕ್ರ ತೆಗೆದು ಬದಿ ತಿರುಗಿಸಿದಳು, ಚೈನ್ ಏರಿಸಿ ಬಿಗಿದಳು. ಎಲ್ಲರೂ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದರು. ಆಮೇಲೆ ಪೆಡಲ್ಲನ್ನು ಹಿಂದಕ್ಕೆ ತಳ್ಳಿದಳು. ಅದು ಗಿರಗಿರನೆ ಖಾಲಿ ಸುತ್ತಿತು. ಚಕ್ರ ಕದಲಲಿಲ್ಲ.

“ಅವತ್ತು ಹೀಗಿತ್ತು” ಎಂದಳು. “ಹೀಗೆ ಹಾಕಿದ್ದು ನಾನು. ನಿನ್ನ ಕೇಳಿಲ್ಲ, ನಿಂಗೆ ಹೇಳಿಲ್ಲ. ನೀನು ಬಿದ್ದ ಮೇಲೆ ಯಾರಿಗೂ ಗೊತ್ತಾಗ್ದ ಹಂಗೆ ತಿರುಗಿಸಿದ್ದೂ ನಾನೇ. ನಿನ್ನ ಕಾಲು ಹೇಳಿದ್ದೇ ನಿಜ. ನಿಂಗೆ ಏನೂ ಆಗಿಲ್ಲ.”

ಪ್ರೀತಿಯ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಈಗ ಅದನ್ನು ಆಡಿದರೆ ನೆವ ಹೇಳಿದ ಹಾಗಾಗುತ್ತದೆ ಎಂಬಷ್ಟು ಬುದ್ಧಿ ಆಗ ಬಂದಿತ್ತು.

“ನನ್ನ ಮಗ ಮೂರ್ಛೆ ಹೋಗಿಲ್ವಾ?” ಎಂದು ಕೇಳಿದ ತಾಯಿ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅವನು ಎದ್ದು ಬಂದ. ಬಲಗೈಯಿಂದ ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿದ. ಮತ್ತೆ ತಿರುಗಿಸಿದ, ಮತ್ತೆ ಮತ್ತೆ. ಕಣ್ಣಲ್ಲಿ ನೀರು ತುಂಬಿತು. ಹಗ್ಗ ಹಿಡಿದವರ ಕಡೆ ತಿರುಗಿ, ಬಿಚ್ಚಿಬಿಡಿ, ಮಿಷನ್ ಕೊಡುವುದಿಲ್ಲ ಎಂದ. ಅವರು ಗೊಣಗುತ್ತ ಹೋದ ಮೇಲೆಯೇ ಅವಳತ್ತ ನೋಡಿದ.

“ಬೆಳಗ್ಗೆ ನಾನು ಬಂದು ಕೇಳಿದ್ನಲ್ಲ.”

“ಹೆದ್ರಿದ್ದೆ. ನಿನ್ನ ಕಳ್ಕೋತೀನಿ ಅಂತ.”

“ನಾನು ನನ್ನನ್ನೇ ಕಳ್ಕೊಂಡಿದ್ದೆ, ಕಡ್ಡಿ. ನನ್ನ ಕಾಲು ನನ್ನದಲ್ಲ ಅನ್ಸಿತ್ತು. ನೀನು ಹೋಗು ಈಗ.”

ತಾಯಿ ಕಣ್ಣು ಒರೆಸಿಕೊಂಡು, ಇನ್ನು ಈ ಮೆಟ್ಟಿಲು ಹತ್ತಬೇಡ ಎಂದಳು. ಕಡ್ಡಿ ತಲೆ ತಗ್ಗಿಸಿ ಹೊರಬಂದಳು.

ಮುಂದಿನ ದಿನಗಳನ್ನು ಹೇಗೆ ಹೇಳಲಿ? ಇಳಿಜಾರಿನ ಕೆಳಗೂ ಮೇಲೂ ಸುದ್ದಿ ಹರಡಿತು. ಗಿರಾಕಿಗಳು ಸೈಕಲ್ ಒಯ್ಯುವ ಮೊದಲು ಚಕ್ರ ಅಲ್ಲಾಡಿಸಿ ನೋಡತೊಡಗಿದರು. ಭಾವ ಅವಳನ್ನು ಮನೆಯಿಂದ ಕಳಿಸಲಿಲ್ಲ, ಬೈಯಲೂ ಇಲ್ಲ. ಅವಳು ಮುಗಿಸಿದ ಪ್ರತಿ ಕೆಲಸವನ್ನೂ ಅವಳ ಎದುರಿಗೇ ತಾನೊಮ್ಮೆ ಪರೀಕ್ಷಿಸುತ್ತಿದ್ದ, ಅಷ್ಟೇ. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಇದು ತನಗೆ ಸಲ್ಲಬೇಕಾದದ್ದೇ ಎಂದು ಅವಳು ಕೆಲಸ ಮಾಡುತ್ತ ಹೋದಳು. ರಸ್ತೆಯ ಕಡೆ ನೋಡಬಾರದೆಂದು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಹಾಗೆ ಬೆನ್ನು ಹಾಕಿ ಕೂತಿದ್ದ ಒಂದು ಸಂಜೆ ಬಾಗಿಲ ಬೆಳಕಿಗೆ ಯಾರೋ ಅಡ್ಡ ನಿಂತರು.

ತಿರುಗಿದರೆ, ಅವನು. ಕೈಯ ಕಟ್ಟು ಬಿಚ್ಚಿತ್ತು. ಏರು ಹತ್ತಿ ಬಂದದ್ದಕ್ಕೆ ಉಸಿರು ಜೋರಾಗಿತ್ತು. ಭಾವ ಇಬ್ಬರನ್ನೂ ನೋಡಿ, ಏನೋ ನೆನಪಾದವನಂತೆ ಒಳಕೋಣೆಗೆ ಹೋದ.

“ಅವತ್ತು ಎಲ್ಲಾ ಹೇಳ್ದೆ. ಯಾಕೆ ಹಂಗೆ ಮಾಡ್ದೆ ಅಂತ ಮಾತ್ರ ಹೇಳ್ಲಿಲ್ಲ” ಎಂದ.

ಅವಳು ಎದ್ದು ನಿಂತಳು. ಗ್ರೀಸ್ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

“ನಿನ್ನ ಕಾಲಲ್ಲಿ ರಕ್ತ ನೋಡಿ ತಡ್ಕೊಳ್ಳೋಕಾಗ್ಲಿಲ್ಲ. ನಿನ್ನ ಮೇಲೆ ಅಷ್ಟು ಪ್ರೀತಿ ನಂಗೆ. ಆದ್ರೆ ಪ್ರೀತಿ ಇದೆ ಅಂತ ನಿನ್ನ ಬದಲು ನಾನು ತೀರ್ಮಾನ ಮಾಡ್ಬಾರ್ದಿತ್ತು.”

“ಮಾಡ್ಬಾರ್ದಿತ್ತು.”

“ಇನ್ಮೇಲೆ ಮಾಡಲ್ಲ.”

“ಮುಖ ತಿರುಗಿಸ್ಕೊಂಡು ಕೂರೋದೂ ಬೇಡ. ಸಿಟ್ಟು ಬಂದ್ರೆ ಬೈದ್ಬಿಡು. ಬೈಸ್ಕೊಂಡು ಯಾರೂ ಕೈ ಮುರ್ಕೊಂಡಿಲ್ಲ.”

ಅಳು ಬರುವಾಗಲೇ ಅವಳಿಗೆ ನಗುವೂ ಬಂತು. ಎರಡನ್ನೂ ತಡೆದುಕೊಂಡಳು. ತಾಯಿ ಏನೆನ್ನುತ್ತಾರೆಂದು ಕೇಳಿದಳು. ಅಮ್ಮ ಇನ್ನೂ ಮಾತಾಡುವುದಿಲ್ಲ, ಆದರೆ ತಾನು ಎಲ್ಲಿಗೆ ಹೊರಟೆನೆಂದು ಗೊತ್ತಿದ್ದೂ ತಡೆಯಲಿಲ್ಲ ಎಂದ.

“ಕೋಪ ಹೋಯ್ತಾ?” ಎಂದು ಅವಳು ಮೆಲ್ಲಗೆ ಕೇಳಿದಳು.

“ಇಲ್ಲ. ತುಂಬ ಇದೆ. ಅದಕ್ಕೇ ಬಂದೆ. ಅಲ್ಲಿ ಒಬ್ನೇ ಕೂತು ಕೋಪ ಮಾಡ್ಕೊಂಡ್ರೆ ಸೂಜಿ ಕೈಗೇ ಚುಚ್ಕೊತಾ ಇದ್ದೀನಿ. ಇಲ್ಲೇ ನಿನ್ನೆದುರಿಗೇ ಕೂತು ಮಾಡ್ಕೊತೀನಿ.”

“ಎಷ್ಟು ದಿನ?”

ಅವನು ಅವಳ ಗ್ರೀಸ್ ಹತ್ತಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಮುರಿದು ಕೂಡಿದ ಕೈ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ.

“ಬಹಳ ದಿನ ಆಗ್ಬಹುದು” ಎಂದ. “ಒಂದು ಕುರ್ಚಿ ಹಾಕು.”